ಮೌಶಿಯ ರಕ್ತ, ನನ್ನ ಮೊಣಕೈ

ನನ್ನ ತವರು ಆಳಂದ, ಗಂಡನ ಊರು ಜೇವರ್ಗಿ, ನೌಕರಿ ಅಫಜಲಪುರದಲ್ಲಿ. ಈ ಮೂರು ಊರುಗಳಲ್ಲೂ ನನ್ನ ಚರ್ಮದ ಬಗ್ಗೆ ಅಭಿಪ್ರಾಯ ಇಲ್ಲದವರು ಕಡಿಮೆ. ತವರಿನಲ್ಲಿ ಅದನ್ನು ಉಷ್ಣ ಎಂದರು. ಗಂಡನ ಮನೆಯಲ್ಲಿ ನಂಜು ಎಂದರು. ಅಫಜಲಪುರದ ಬಸ್ ನಿಲ್ದಾಣದಲ್ಲಿ ಗುರುತು ಪರಿಚಯ ಇಲ್ಲದ ಹಿರಿಯರೊಬ್ಬರು ನನ್ನ ಕೈ ನೋಡಿ, ಬದನೆಕಾಯಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ, ನಾನು ಉತ್ತರ ಕೊಡುವ ಮೊದಲೇ ತಮ್ಮ ಬಸ್ ಹತ್ತಿ ಹೋಗಿಬಿಟ್ಟರು. ನಾನು ಎರಡು ವರ್ಷ ಬದನೆಕಾಯಿ ಬಿಟ್ಟೆ. ಎಣ್ಣೆಗಾಯಿ ಇಲ್ಲದೆ ಎರಡು ವರ್ಷ ರೊಟ್ಟಿ ತಿನ್ನುವುದು ಎಂಥ ಕಷ್ಟ ಎಂಬುದು ನಮ್ಮ ಕಡೆಯವರಿಗೇ ಗೊತ್ತು. ಚರ್ಮ ಮಾತ್ರ ಹೇಗಿತ್ತೋ ಹಾಗೇ ಇತ್ತು.

ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ದಿನವೂ ಹತ್ತಾರು ಜನರ ರಕ್ತ ತೆಗೆಯುತ್ತೇನೆ, ನಳಿಕೆಗಳ ಮೇಲೆ ಚೀಟಿ ಹಚ್ಚುತ್ತೇನೆ, ಯಂತ್ರ ತಿರುಗಿಸುತ್ತೇನೆ, ವರದಿ ಬರೆದು ಕೊಡುತ್ತೇನೆ. ಬೇರೆಯವರ ರಕ್ತದ ಬಗ್ಗೆ ಇಷ್ಟೆಲ್ಲ ತಿಳಿದ ನನಗೆ ನನ್ನ ಮೈಯಲ್ಲಿ ಏನು ನಡೆದಿದೆ ಎಂಬುದು ಬಹಳ ದಿನ ಗೊತ್ತಾಗಲಿಲ್ಲ. ಎರಡನೆಯ ಹೆರಿಗೆಯಾದ ವರ್ಷ ಗಂಟಲು ನೋವು, ಜ್ವರ ಬಂದು ಹೋಯಿತು. ಅದಾದ ಎರಡು ಮೂರು ವಾರಕ್ಕೆ ಹೊಟ್ಟೆಯ ಮೇಲೆ, ಬೆನ್ನ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಎದ್ದವು. ಅವು ಹೋದವು ಎನ್ನುವಷ್ಟರಲ್ಲಿ ಎರಡೂ ಮೊಣಕೈಗಳ ಮೇಲೆ, ಮೊಣಕಾಲುಗಳ ಮೇಲೆ, ತಲೆಯ ಹಿಂಭಾಗದಲ್ಲಿ ದಪ್ಪ ಕೆಂಪು ತಟ್ಟುಗಳು ಬಂದು ಕುಳಿತವು. ಮೇಲೆ ಬೆಳ್ಳಗೆ ಹೊಟ್ಟು. ಕೆರೆದರೆ ಉದುರುತ್ತಿತ್ತು, ಕೆರೆಯದಿದ್ದರೂ ಉದುರುತ್ತಿತ್ತು. ಕಪ್ಪು ಸೀರೆ, ನೀಲಿ ಸೀರೆಗಳನ್ನೆಲ್ಲ ತಂಗಿಗೆ ಕೊಟ್ಟುಬಿಟ್ಟೆ. ಅವಳಿಗೆ ಆ ವರ್ಷ ಬಹಳ ಖುಷಿ.

ನಮ್ಮ ಆಸ್ಪತ್ರೆಯ ಡಾಕ್ಟರು ನೋಡಿದ ಕೂಡಲೇ ಇದು ಸೋರಿಯಾಸಿಸ್, ಯಾರಿಗೂ ಅಂಟುವುದಿಲ್ಲ ಎಂದು ಹೇಳಿ ಮುಲಾಮು ಬರೆದುಕೊಟ್ಟರು. ಹಚ್ಚಿದಾಗ ಇಳಿಯಿತು, ಬಿಟ್ಟಾಗ ಬಂತು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿರುವ ನನ್ನ ಗಂಡ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ರಾತ್ರಿ ಊಟವಾದ ಮೇಲೆ ತಾವೇ ನನ್ನ ಮೊಣಕೈಗೆ ಮುಲಾಮು ಸವರುತ್ತಿದ್ದರು, ಸವರುತ್ತ ಕ್ರಿಕೆಟ್ ನೋಡುತ್ತಿದ್ದರು. ವಿಕೆಟ್ ಬಿದ್ದಾಗ ಒಂದಷ್ಟು ಮುಲಾಮು ಹೆಚ್ಚಿಗೆ ಬೀಳುತ್ತಿತ್ತು, ಅಷ್ಟೇ.

ಜೇವರ್ಗಿಯಿಂದ ಆಗಾಗ ಬಂದು ನಮ್ಮಲ್ಲೇ ಇರುತ್ತಿದ್ದ ಅತ್ತೆಯದು ಬೇರೆ ಬಗೆ. ಅವರು ಒಂದು ದಿನವೂ ನನ್ನನ್ನು ನೋಯಿಸುವ ಮಾತಾಡಲಿಲ್ಲ. ನನ್ನ ಕೈಯಡುಗೆ ಬೇಡ ಎನ್ನಲಿಲ್ಲ. ಆದರೆ ಯಾರಾದರೂ ಮನೆಗೆ ಬಂದರೆ ಸಾಕು, ಸೆರಗು ಹೊದೆಯುವಂತೆ ಕಣ್ಣಲ್ಲೇ ಹೇಳುತ್ತಿದ್ದರು. ಅಷ್ಟರಲ್ಲೇ ಯಾರ ಕಣ್ಣಿಗಾದರೂ ಬಿದ್ದರೆ, ಬಜಿ ಕರಿಯುವಾಗ ಎಣ್ಣೆ ಸಿಡಿಯಿತು ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ನಾನು ಆರು ವರ್ಷ ಬಿಡದೆ ಬಜಿ ಕರಿದಿದ್ದೆ, ಎಣ್ಣೆ ಪ್ರತಿ ಸಲವೂ ಎರಡೂ ಮೊಣಕೈಗಳ ಮೇಲೆ ಸರಿಸಮನಾಗಿ ಸಿಡಿದಿತ್ತು. ಕೇಳಿದವರು ನಂಬಿದಂತೆ ತಲೆ ಆಡಿಸುತ್ತಿದ್ದರು.

ಹೀಗೆ ನಾನು ಉದ್ದ ತೋಳಿನ ರವಿಕೆಗೆ ಒಗ್ಗಿಕೊಂಡೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಮುಂಗೈವರೆಗೆ ಬಟ್ಟೆ, ಅದರ ಮೇಲೆ ಆಸ್ಪತ್ರೆಯ ಬಿಳಿ ಕೋಟು. ಬೆವರಿಗೆ ತುರಿಕೆ ಇನ್ನೂ ಹೆಚ್ಚುತ್ತಿತ್ತು. ಆದರೂ ತೋಳು ಏರಿಸುತ್ತಿರಲಿಲ್ಲ.

ಅಂಥ ಒಂದು ಬೇಸಿಗೆಯ ಮುಂಜಾನೆ ಮಣ್ಣೂರಿನಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಮಗನ ಜೊತೆ ಬಂದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮಗನೇ ಎಲ್ಲ ಹೇಳಿದ. ಊರಲ್ಲಿ ಅವರದೊಂದು ಖಾನಾವಳಿ ಇದೆ, ತಾಯಿ ಮೂವತ್ತು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಾರೆ, ಲಾರಿಯವರು, ಬಸ್ಸಿನವರು ಎಲ್ಲರೂ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ಐದು ತಿಂಗಳಿಂದ ಅವರ ಬಾಯಿತುಂಬ ಹುಣ್ಣು. ಅಂಬಲಿ, ಮಜ್ಜಿಗೆ ಬಿಟ್ಟು ಏನೂ ಇಳಿಯುವುದಿಲ್ಲ. ಈಗ ತಿಂಗಳಿಂದ ತೋಳಿನ ಮೇಲೆ, ಎದೆಯ ಮೇಲೆ ನೀರುಗುಳ್ಳೆಗಳು ಏಳುತ್ತಿವೆ, ಒಡೆದ ಜಾಗ ಮಾಯುತ್ತಿಲ್ಲ. ಸರ್ಪಸುತ್ತು ಎಂದು ಒಬ್ಬರು ಮಂತ್ರ ಹಾಕಿದರು, ಇನ್ನೊಬ್ಬರು ಬೇವಿನ ನೀರು ಹಾಕಿದರು. ಗುಳ್ಳೆ ಕಂಡ ಮೇಲೆ ಖಾನಾವಳಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಸೊಸೆ ಒಲೆಯ ಮುಂದೆ ಕೂರುತ್ತಿದ್ದರೂ ಜನ ಬರುತ್ತಿಲ್ಲ.

ಡಾಕ್ಟರು ರಕ್ತ ಪರೀಕ್ಷೆ ಬರೆದಿದ್ದರು. ನಾನು ಕೈಗವಸು ಹಾಕಿಕೊಂಡು, "ಕೈ ಚಾಚ್ರಿ ಮೌಶಿ," ಎಂದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಸೂಜಿಗೆ ಹೆದರುವವರನ್ನು ನಾನು ದಿನವೂ ನೋಡುತ್ತೇನೆ. ಇದೂ ಅದೇ ಎಂದುಕೊಂಡು ಸಮಾಧಾನ ಹೇಳಲು ಹೊರಟೆ.

"ಸೂಜಿ ಫಿಕರ್ ಇಲ್ರಿ ಅಕ್ಕೋರೆ," ಎಂದರು ಸೆರಗಿನ ಒಳಗಿಂದ. "ನನ್ನ ಕೈ ಮುಟ್ಟಬ್ಯಾಡ್ರಿ. ನಿಮಗೂ ಬರ್ತದ. ಸಣ್ಣ ಮಕ್ಕಳಿರೋ ಮಂದಿ ನೀವು."

ಐದು ತಿಂಗಳು ಸರಿಯಾಗಿ ಉಣ್ಣದ ಹೆಂಗಸು ನನ್ನ ಮಕ್ಕಳ ಚಿಂತೆ ಮಾಡುತ್ತಿದ್ದರು. ಕೋಟಿನ ತೋಳು, ರವಿಕೆಯ ತೋಳು ಎರಡನ್ನೂ ಒಟ್ಟಿಗೆ ಮೇಲಕ್ಕೆ ಏರಿಸಿ ನನ್ನ ಮೊಣಕೈ ತೋರಿಸಿದೆ. ನಾನಾಗಿಯೇ ಹೊರಗಿನವರಿಗೆ ಅದನ್ನು ತೋರಿಸಿದ್ದು ಅದೇ ಮೊದಲು.

"ನನಗ ಮೊದಲೇ ಬಂದದ ಮೌಶಿ," ಎಂದೆ. "ಇನ್ನೇನು ಬರ್ತದ?"

ಅವರು ಬಾಗಿ ನೋಡಿದರು. ಬೆರಳ ತುದಿಯಿಂದ ಮುಟ್ಟಿ ನೋಡಿದರು. ರೊಟ್ಟಿ ಬೆಂದಿದೆಯೋ ಇಲ್ಲವೋ ನೋಡುವವರ ಗಂಭೀರತೆ ಇತ್ತು ಮುಖದಲ್ಲಿ.

"ಇದು ಬ್ಯಾರೆ ಅದ," ಎಂದು ತೀರ್ಪು ಕೊಟ್ಟರು. "ನಿಂದು ಒಣಾ. ನಂದು ಹಸಿ."

ಹಾಗೆ ಹೇಳಿ ಕೈ ಚಾಚಿದರು. ಅಕ್ಕೋರೆ ಎನ್ನುವುದು ಹೋಗಿ ಆವತ್ತಿಂದ ನಾನು ಯವ್ವಾ ಆದೆ.

ನಮ್ಮಲ್ಲಿಗೆ ಬುಧವಾರಕ್ಕೊಮ್ಮೆ ಕಲಬುರಗಿಯಿಂದ ಚರ್ಮದ ಡಾಕ್ಟರು ಬರುತ್ತಿದ್ದರು. ಮೂವತ್ತು ದಾಟಿರದ ಹುಡುಗಿ. ಮಾತು ಚುರುಕು, ನಗು ಇನ್ನೂ ಚುರುಕು. ಮೌಶಿಯನ್ನು ಮುಂದಿನ ಬುಧವಾರ ನಾನೇ ಅವರ ಮುಂದೆ ಕೂರಿಸಿದೆ. ಡಾಕ್ಟರು ಬಾಯಿಯೊಳಗೆ ಬೆಳಕು ಬಿಟ್ಟು ನೋಡಿದರು. ಗುಳ್ಳೆಯ ಪಕ್ಕದ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಸರಿಸಿದರು. ಚೆನ್ನಾಗಿದೆ ಎಂದು ಕಾಣುತ್ತಿದ್ದ ಚರ್ಮ ನೆನೆದ ಕಾಗದದ ಹಾಗೆ ಜಾರಿತು. ಅವರ ನಗು ನಿಂತಿತು. ಆದರೆ ಹೆದರಿಸಲಿಲ್ಲ. ಇದಕ್ಕೆ ಪೆಂಫಿಗಸ್ ಅನ್ನುತ್ತಾರೆ ಎಂದು ನನಗೆ ಅನುಮಾನ, ಖಾತ್ರಿ ಮಾಡಿಕೊಳ್ಳಲು ಚರ್ಮದ ಸಣ್ಣ ತುಣುಕು ತೆಗೆಯಬೇಕು, ರಕ್ತದಲ್ಲಿ ಆಟೋ ಆ್ಯಂಟಿಬಾಡಿ ನೋಡಬೇಕು ಎಂದರು.

"ಆಟೋ ಅಂದ್ರ?" ಎಂದರು ಮೌಶಿ. "ಮೂರು ಗಾಲಿದೇನ್ರಿ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು. ನಮ್ಮ ರಕ್ತದಲ್ಲಿ ಪ್ರತಿಕಾಯ ಎನ್ನುವ ಕಾವಲಿನವು ಇರುತ್ತವೆ. ಹೊರಗಿನಿಂದ ರೋಗ ತರುವ ಕ್ರಿಮಿ ಬಂದರೆ ಹೋಗಿ ಹಿಡಿದುಕೊಳ್ಳುವುದು ಅವುಗಳ ಕೆಲಸ. ಕೆಲವರಲ್ಲಿ ಅವು ಗುರುತು ತಪ್ಪಿ ಸ್ವಂತ ಮೈಯನ್ನೇ ಹಿಡಿಯುತ್ತವೆ. ಆಟೋ ಎಂದರೆ ಇಲ್ಲಿ ತನ್ನದನ್ನೇ ಎಂದರ್ಥ. ಚರ್ಮದ ಒಂದು ಕಣ ಇನ್ನೊಂದು ಕಣಕ್ಕೆ ಅಂಟಿಕೊಂಡಿರುತ್ತದಲ್ಲ, ಆ ಅಂಟನ್ನೇ ಇವು ಬಿಡಿಸುತ್ತಿವೆ. ಅದಕ್ಕೇ ಚರ್ಮ ಬಿಟ್ಟುಕೊಂಡು ನೀರು ತುಂಬುತ್ತದೆ. ಇದು ಯಾರಿಂದಲೂ ಬಂದದ್ದಲ್ಲ, ಯಾರಿಗೂ ಹೋಗುವುದಿಲ್ಲ.

ಮೌಶಿ ಡಾಕ್ಟರ ಕಡೆ ಬಾಗಿದರು. "ಅಂದ್ರ ನನ್ನ ಒಲಿ ಮುಂದ ಕುಂತ ಉಂಡವರಿಗೆ ಏನೂ ಆಗಂಗಿಲ್ಲ?"

ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅವರು ಮೊದಲ ಸಲ ತಾವಾಗಿಯೇ ಬಾಯಿಯ ಮೇಲಿನ ಸೆರಗು ತೆಗೆದರು. ವಾಸಿಯಾಗುತ್ತದೋ ಇಲ್ಲವೋ ಎಂಬುದಾಗಲಿ, ಎಷ್ಟು ದಿನ ಔಷಧಿ ಎಂಬುದಾಗಲಿ ಅವರು ಆವತ್ತು ಕೇಳಲಿಲ್ಲ.

ಚರ್ಮದ ತುಣುಕು ತೆಗೆಯಲು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು. ಅವರ ಮಗನಿಗೆ ಆಗ ಹೊಲದ ಕೆಲಸದ ಗಡಿಬಿಡಿ. ಡಾಕ್ಟರು ನನಗೂ ಒಮ್ಮೆ ಅಲ್ಲಿಗೆ ಬರಲು ಹೇಳಿದ್ದರು, ಮುಲಾಮಿನಾಚೆಗಿನ ಚಿಕಿತ್ಸೆ ಶುರು ಮಾಡುವ ಮೊದಲು ಕೆಲವು ತಪಾಸಣೆ ಆಗಬೇಕು ಎಂದು. ಹಾಗಾಗಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಮೂವರ ಸೀಟಿನಲ್ಲಿ ಮೌಶಿಯ ಪಕ್ಕ ಕುಳಿತಿದ್ದ ಹೆಂಗಸು ಅವರ ತೋಳು ನೋಡಿ ಎದ್ದು ನಿಂತಳು. ನಾನು ಸಿಟ್ಟಾಗುವ ಮೊದಲೇ ಮೌಶಿ ಆ ಖಾಲಿ ಜಾಗದಲ್ಲಿ ತಮ್ಮ ಬುತ್ತಿ ಚೀಲ ಇಟ್ಟು, ಕಾಲು ಚಾಚಿಕೊಂಡು, ಆರಾಮಾಗಿ ಕುಳಿತರು. ಇಷ್ಟು ಜಾಗ ಬಸ್ಸಿನಲ್ಲಿ ತಮಗೆ ಯಾವತ್ತೂ ಸಿಕ್ಕಿರಲಿಲ್ಲವಂತೆ.

ಅಲ್ಲಿ ಮೌಶಿಯ ತೋಳಿನ ಗುಳ್ಳೆಯ ಪಕ್ಕದಿಂದ ಜೋಳದ ಕಾಳಿನಷ್ಟು ಚರ್ಮ ತೆಗೆದರು. ರಕ್ತವನ್ನು ಬೇರೆ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕೆಂದಾಗ, ಆ ಕೆಲಸ ನಾನೇ ಮಾಡುತ್ತೇನೆಂದು ಹೇಳಿ ಕೇಳಿಕೊಂಡು ಮಾಡಿದೆ. ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಬೇರೆ ಮಾಡಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಚೀಲಗಳ ನಡುವೆ ಇಟ್ಟು ಟೇಪು ಸುತ್ತಿದೆ. ಸಾವಿರಾರು ನಳಿಕೆ ಮುಟ್ಟಿದ ಕೈ ನನ್ನದು. ಆದರೂ ಆ ಒಂದಕ್ಕೆ ಚೀಟಿಯನ್ನು ಮೂರು ಸಲ ಓದಿ ಹಚ್ಚಿದೆ.

ವರದಿ ಬರುವ ಹೊತ್ತಿಗೆ ಎರಡು ಬುಧವಾರ ಕಳೆದಿದ್ದವು. ಡಾಕ್ಟರ ಅನುಮಾನ ಸರಿಯಾಗಿತ್ತು. ವರದಿಯ ಜೊತೆ ಬಣ್ಣದ ಒಂದು ಚಿತ್ರವೂ ಇತ್ತು. ಚರ್ಮದ ಆ ತುಣುಕಿಗೆ ಹೊಳೆಯುವ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪ್ರತಿಕಾಯಗಳು ಹೋಗಿ ಕುಳಿತ ಜಾಗವೆಲ್ಲ ಹಸಿರಾಗಿ ಬೆಳಗುತ್ತದೆ. ಕಣ ಕಣದ ಸುತ್ತ ಹಸಿರು ಗೆರೆ, ಗೆರೆಗೆ ಗೆರೆ ಕೂಡಿ ಉದ್ದಕ್ಕೂ ಕಣ್ಣು ಕಣ್ಣಾಗಿ ಹರಡಿತ್ತು. ನಾನು ಪುಸ್ತಕದಲ್ಲಿ ನೋಡಿದ್ದೆ, ಗುರುತಿನವರ ಮೈಯಿಂದ ಬಂದದ್ದನ್ನು ನೋಡಿರಲಿಲ್ಲ.

ಮೌಶಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಭೀಮಾ ನದ್ಯಾಗ ಮೀನ ಹಿಡಿಯೋರ ಬಲಿ ಇದ್ದಂಗ ಅದಲ್ಲ," ಎಂದರು. "ಎಷ್ಟು ಚಂದ ಅದ ನೋಡ ಯವ್ವಾ. ಇಷ್ಟು ಚಂದದ್ದು ಇಷ್ಟು ಉರೀತದಂದ್ರ ಯಾರು ನಂಬ್ತಾರ?"

ನನಗೆ ಆಗ ಹೊಟ್ಟೆಕಿಚ್ಚಾಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆದರೆ ಆಗ ಆದದ್ದು ಅದೇ. ಅವರ ರೋಗಕ್ಕೆ ಒಂದು ಚಿತ್ರ ಇತ್ತು, ಒಂದು ಅಂಕಿ ಇತ್ತು, ಇದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಬಹುದಿತ್ತು. ಆರು ವರ್ಷ ಉದ್ದ ತೋಳು ತೊಟ್ಟ ನನ್ನ ಬಳಿ ಏನಿತ್ತು? ಉಷ್ಣ, ನಂಜು, ಬದನೆಕಾಯಿ. ಮೌಶಿ ಹೊರಗೆ ಹೋದ ಮೇಲೆ, ನನ್ನ ರಕ್ತವನ್ನೂ ಹೀಗೇ ಕಳಿಸೋಣವೇ ಎಂದು ಡಾಕ್ಟರನ್ನು ಕೇಳಿದೆ.

ಅವರು ಕುಳಿತು ಬಿಡಿಸಿ ಹೇಳಿದರು. ನಿಮ್ಮದರಲ್ಲೂ ಮೈಯ ಕಾವಲಿನದೇ ಗುರುತು ತಪ್ಪಿದೆ, ಆದರೆ ಅಲ್ಲಿ ಮುಂದೆ ನಿಂತು ದುಡಿಯುವುದು ಪ್ರತಿಕಾಯಗಳಲ್ಲ, ಬಿಳಿ ರಕ್ತಕಣಗಳ ಒಂದು ಜಾತಿ. ಅವು ಚರ್ಮಕ್ಕೆ ಅವಸರ ಮಾಡುತ್ತವೆ. ತಿಂಗಳಲ್ಲಿ ಬೆಳೆದು ಉದುರಬೇಕಾದ ಚರ್ಮ ಕೆಲವೇ ದಿನಗಳಲ್ಲಿ ಬೆಳೆದು ಒಂದರ ಮೇಲೊಂದು ಕೂತುಬಿಡುತ್ತದೆ. ಸೋರಿಯಾಸಿಸ್ ಇರುವ ಕೆಲವರ ರಕ್ತದಲ್ಲಿ ಸ್ವಂತದ್ದನ್ನೇ ಹಿಡಿಯುವ ಪ್ರತಿಕಾಯಗಳೂ ಸಿಕ್ಕಿವೆ. ಬೆಂಕಿ ಹಚ್ಚಿದ್ದು ಅವೋ, ಬೆಂಕಿ ಬಿದ್ದ ಮೇಲೆ ಬಂದು ಸೇರಿಕೊಂಡದ್ದೋ ಇನ್ನೂ ಯಾರಿಗೂ ಪೂರ್ತಿ ತಿಳಿದಿಲ್ಲ, ಹುಡುಕುವವರು ಹುಡುಕುತ್ತಿದ್ದಾರೆ. ಹಾಗಾಗಿ ಆ ಪರೀಕ್ಷೆಯಿಂದ ಈಗ ನಿಮಗೆ ಏನೂ ಉಪಯೋಗವಿಲ್ಲ. ನೋಡಿದರೇ ಗೊತ್ತಾಗುವ ರೋಗ ನಿಮ್ಮದು.

ನನ್ನ ಮುಖ ಚಿಕ್ಕದಾಗಿದ್ದು ಅವರಿಗೆ ಕಂಡಿರಬೇಕು. "ನಿಮಗ ರಿಪೋರ್ಟ್ ಬೇಕೋ, ಆರಾಮ ಆಗೋದು ಬೇಕೋ ಹೇಳ್ರಿ," ಎಂದರು. ಎರಡೂ ಬೇಕು ಎಂದೆ. ಇಬ್ಬರೂ ನಕ್ಕೆವು. ನನಗೆ ವಾರಕ್ಕೊಮ್ಮೆ ನುಂಗುವ ಗುಳಿಗೆ ಶುರುವಾದದ್ದು ಆವತ್ತೇ.

ಮೌಶಿ ಕಲಬುರಗಿಯ ಆಸ್ಪತ್ರೆಯಲ್ಲಿ ಎರಡು ವಾರ ಇದ್ದು ಬಂದರು. ಆಮೇಲೆ ದೊಡ್ಡ ಪ್ರಮಾಣದ ಗುಳಿಗೆಗಳು, ನಡುನಡುವೆ ಹೋಗಿ ಸಲೈನ್‌ನಲ್ಲಿ ಹಾಕಿಸಿಕೊಳ್ಳುವ ಔಷಧಿ. ಅದು ಸುಲಭದ ದಾರಿಯಾಗಿರಲಿಲ್ಲ. ಮುಖ ಊದಿ ಚಂದ್ರನ ಹಾಗೆ ಗುಂಡಗಾಯಿತು. ನಿದ್ದೆ ಹಾರಿಹೋಯಿತು. ಒಂದು ದಿನ ಬಂದು ಸುಮ್ಮನೆ ನನ್ನ ಸ್ಟೂಲಿನ ಮೇಲೆ ಕುಳಿತು ಅತ್ತರು, ಕಾರಣ ಕೇಳಿದರೆ ಗೊತ್ತಿಲ್ಲ ಎಂದರು. ಗುಳಿಗೆಯಿಂದ ಹಾಗೂ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದನ್ನೇ ಹೇಳಿ ಚಹಾ ತರಿಸಿದೆ. ಹಸಿವು ಮಾತ್ರ ವಿಪರೀತ. ಐದು ತಿಂಗಳ ಅಂಬಲಿಯ ಸೇಡನ್ನೆಲ್ಲ ಅವರು ತೀರಿಸಿಕೊಳ್ಳುತ್ತಿದ್ದರು.

ತಿಂಗಳಿಗೊಮ್ಮೆ ಅವರ ಸಕ್ಕರೆ, ಲಿವರು ಎಲ್ಲ ನೋಡುವುದು ನನ್ನ ಪಾಲಿಗೆ ಬಂತು. ಬರಿಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದೆ. ಒಂದು ಸಲ ಸಕ್ಕರೆಯ ಅಂಕಿ ನೋಡಿ ಗಾಬರಿಯಾಗಿ, ಏನು ತಿಂದಿರಿ ಎಂದು ಕೇಳಿದೆ. ಏನೂ ಇಲ್ಲ ಎಂದರು. ಹೋಳಿಗೆಯೇ ಎಂದೆ. ನೆಲ ನೋಡಿದರು. ಬೀಗರು ತಂದಿದ್ದರಂತೆ, ಕೆಡುತ್ತದೆ ಎಂದು ಒಂದೇ ಒಂದು ತಿಂದದ್ದಂತೆ. ಒಂದೇ ಹೋಳಿಗೆಗೆ ಇಷ್ಟು ಏರುವುದಿಲ್ಲ ಎಂದಾಗ, ಹಾಗಾದರೆ ನಿನ್ನ ಯಂತ್ರ ಸರಿಯಾಗಿದೆ ಎಂದು ಹೇಳಿ, ನಾಲ್ಕು ತಿಂದದ್ದನ್ನು ಒಪ್ಪಿಕೊಂಡರು.

ನನ್ನ ಗುಳಿಗೆಗೂ ರಕ್ತ ನೋಡಬೇಕಾಗುತ್ತಿತ್ತು. ಇಲ್ಲಿ ಒಂದು ಸತ್ಯ ಹೇಳಬೇಕು. ಊರ ತುಂಬ ಜನರಿಗೆ ಸೂಜಿ ಚುಚ್ಚುವ ನಾನು ಚುಚ್ಚಿಸಿಕೊಳ್ಳಲು ಮಹಾ ಹೇಡಿ. ಸಹೋದ್ಯೋಗಿ ಸೂಜಿ ತೆಗೆದರೆ ಸಾಕು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಇದು ಹೇಗೋ ಮೌಶಿಗೆ ತಿಳಿದು, ತಮ್ಮ ತಾರೀಖಿಗೇ ನನ್ನದನ್ನೂ ಇಡಿಸಿದರು. ನನ್ನ ರಕ್ತ ತೆಗೆಯುವಾಗ ನನ್ನ ಇನ್ನೊಂದು ಕೈ ಹಿಡಿದುಕೊಂಡು, ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಎಷ್ಟು, ಗುರೆಳ್ಳು ಎಷ್ಟು ಎಂದು ಹೇಳುತ್ತಿದ್ದರು. ಡಾಕ್ಟರು ಬದನೆಕಾಯಿಗೂ ನನ್ನ ಚರ್ಮಕ್ಕೂ ಸಂಬಂಧವಿಲ್ಲ ಎಂದಿದ್ದರಿಂದ ನನಗೆ ಆ ಪಾಠದಲ್ಲಿ ಆಸಕ್ತಿ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಹೊಸ ಗುಳ್ಳೆ ಏಳುವುದು ನಿಂತಿತು. ಬಾಯಿ ಮಾಯಿತು. ಒಂದು ಮಧ್ಯಾಹ್ನ ಫೋನು ಮಾಡಿದರು. ಬಿಸಿ ರೊಟ್ಟಿ, ಅದರ ಮೇಲೆ ಕೆಂಪು ಖಾರ, ಎಣ್ಣೆ ಹಾಕಿಕೊಂಡು ಒಂದು ಪೂರ್ತಿ ತಿಂದೆ, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೆ ಉರಿಯಲಿಲ್ಲ ಎಂದು ಹೇಳಿದರು. ಆ ಕಡೆ ಸೊಸೆ ನಗುವುದು ಕೇಳಿಸುತ್ತಿತ್ತು. ನನ್ನ ತಟ್ಟುಗಳೂ ಅಷ್ಟರಲ್ಲಿ ತೆಳ್ಳಗಾಗಿದ್ದವು. ಹೊಟ್ಟು ಉದುರುವುದು ನಿಂತಿತ್ತು, ಕೆಂಪು ಗುರುತು ಉಳಿದಿತ್ತು.

ಕಬ್ಬು ಕಡಿಯುವ ಹಂಗಾಮು ಶುರುವಾದಾಗ ಮೌಶಿ ಮತ್ತೆ ಒಲೆಯ ಮುಂದೆ ಕುಳಿತರು. ಮೊದಲ ವಾರ ಹೇಳಿಕೊಳ್ಳುವಷ್ಟು ಜನ ಬರಲಿಲ್ಲವಂತೆ. ಭಾನುವಾರ ಮನೆಮಂದಿಯೆಲ್ಲ ಊಟಕ್ಕೆ ಬರಬೇಕೆಂದು ನಮಗೆ ಹೇಳಿಕಳಿಸಿದರು. ಜೇವರ್ಗಿಯಿಂದ ಬಂದಿದ್ದ ಅತ್ತೆ ತಾವೂ ಬರುತ್ತೇನೆಂದರು. ಅವರಿಗೆ ಬೇರೆಯವರ ಕೈ ರೊಟ್ಟಿ ತಿಂದು ಕೊರತೆ ಹೇಳುವುದು ಇಷ್ಟ. ಹೊರಡುವಾಗ ನಾನು ಗಿಡ್ಡ ತೋಳಿನ ರವಿಕೆ ತೊಟ್ಟಿದ್ದೆ. ಅತ್ತೆ ನೋಡಿದರು. ಸೆರಗಿನ ಮಾತು ಎತ್ತಲಿಲ್ಲ.

ಖಾನಾವಳಿ ಎಂದರೆ ಮುಂದೆ ತಗಡಿನ ಚಪ್ಪರ, ನಾಲ್ಕು ಬೆಂಚು, ಒಳಗೆ ಎರಡು ಒಲೆ. ನಾವು ಹೋದಾಗ ಭೂಸನೂರಿನ ಕಡೆ ಕಬ್ಬು ಸಾಗಿಸುವ ನಾಲ್ವರು ಲಾರಿಯವರು ಬಂದು ಕುಳಿತಿದ್ದರು. ಸೊಸೆ ಒಬ್ಬಳೇ ಓಡಾಡುತ್ತಿದ್ದಳು. ಶೇಂಗಾ ಚಟ್ನಿಯ ಬಟ್ಟಲು ಕೊಟ್ಟು ಬಾ ಯವ್ವಾ ಎಂದು ಮೌಶಿ ಒಳಗಿನಿಂದ ಹೇಳಿದ್ದಕ್ಕೆ ನಾನು ಎದ್ದೆ. ಬಡಿಸಲು ಕೈ ಚಾಚಿದಾಗ ಅವರಲ್ಲೊಬ್ಬನ ಕಣ್ಣು ನನ್ನ ಮೊಣಕೈ ಮೇಲೆ ನಿಂತಿತು. ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಕೈಗೆ ಏನಾಗಿದೆ ಎಂದು ಕೇಳಿದ. ಕೆಟ್ಟದಾಗಿ ಕೇಳಲಿಲ್ಲ. ಆದರೆ ಎಲ್ಲರ ಕೈ ನಿಂತಿತು.

ನನ್ನ ಬಾಯಿಗೆ ಮಾತು ಬರುವ ಮೊದಲೇ ಹಿಂದಿನ ಬೆಂಚಿನಿಂದ ಅತ್ತೆಯ ದನಿ ಬಂತು. ನಾನು ಬಿಸಿ ಎಣ್ಣೆಯ ಕಥೆಗೆ ಸಿದ್ಧಳಾದೆ.

"ಸೋರಿಯಾಸಿಸ್ ಅದು," ಎಂದರು ಅತ್ತೆ, ಬಾಯಲ್ಲಿನ ತುತ್ತು ನುಂಗಿ. "ಅಂಟಂಗಿಲ್ಲ. ನನ್ನ ಸೊಸಿ ಆಕಿ. ಇಷ್ಟು ವರ್ಷ ಆಕಿ ಕೈಲೇ ಉಣ್ಣಾಕತ್ತೇನಿ. ನೋಡ್ರಿ ನನ್ನ ಕೈ." ಹಾಗೆ ಹೇಳಿ ಹಸಿರು ಬಳೆಗಳನ್ನು ಹಿಂದೆ ಸರಿಸಿ ಎರಡೂ ತೋಳು ಚಾಚಿ ತೋರಿಸಿದರು.

ಒಲೆಯ ಮುಂದಿನಿಂದ ಮೌಶಿಯೂ ಎದ್ದು ಬಂದರು, ಕೈಗೆ ಹಿಟ್ಟು ಹತ್ತಿತ್ತು. ಊರಲ್ಲಿ ನನ್ನ ಬಗ್ಗೆ ಕೇಳಿದ್ದೀರಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ ಎಂದು ಶುರು ಮಾಡಿದರು. ಗೋಡೆಯ ಮೇಲೆ, ದೇವರ ಪಟದ ಮಗ್ಗುಲಲ್ಲಿ, ಪ್ಲಾಸ್ಟಿಕ್ ಹಾಕಿಸಿ ಕಟ್ಟಿದ್ದ ಹಸಿರು ಬಲೆಯ ಚಿತ್ರವನ್ನು ತೋರಿಸಿ, ತಮ್ಮ ರಕ್ತ ತಮ್ಮ ಚರ್ಮವನ್ನೇ ಹೇಗೆ ಹಿಡಿದಿತ್ತು, ಔಷಧಿ ಅದನ್ನು ಹೇಗೆ ಬಿಡಿಸಿತು ಎಂದು ಹೇಳಿದರು. ಡಾಕ್ಟರು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ರೋಗದ ಹೆಸರು ಮಾತ್ರ ಅವರ ಬಾಯಲ್ಲಿ ಪಂಪಿಗ್ಯಾಸ್ ಆಗಿತ್ತು. ನಾನು ತಿದ್ದಲು ಹೋಗಲಿಲ್ಲ.

ಲಾರಿಯವರು ಚಿತ್ರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ವಯಸ್ಸಾದವರು, ಉರ್ದು ಬೆರೆತ ನಮ್ಮ ಕನ್ನಡದಲ್ಲಿ, "ಜರಾ ಇದನ್ನೂ ನೋಡ್ರಿ ಅಕ್ಕೋರೆ," ಎಂದು ಪೈಜಾಮ ಮೊಣಕಾಲಿನವರೆಗೆ ಎತ್ತಿದರು. ನನ್ನದೇ ತಟ್ಟು. ಅದೇ ಕೆಂಪು, ಅದೇ ಹೊಟ್ಟು. ಎಂಟು ವರ್ಷದಿಂದ ಇದೆ, ಲಾರಿಯ ಎಂಜಿನ್ನಿನ ಕಾವಿಗೆ ಬಂದದ್ದು ಎಂದುಕೊಂಡಿದ್ದೆ ಎಂದರು. ಡಾಕ್ಟರು ಯಾವ ದಿನ ಬರುತ್ತಾರೆ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮೂವರು ಹೊಟ್ಟೆ ತುಂಬ ಉಂಡರು. ನಾಲ್ಕನೆಯವನು ಚಹಾ ಸಾಕು ಎಂದ. ಅವನನ್ನು ಯಾರೂ ಒತ್ತಾಯ ಮಾಡಲಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ನಾನು ಅತ್ತೆಯನ್ನು ಕೇಳಿಯೇಬಿಟ್ಟೆ, ಇಷ್ಟು ವರ್ಷದ ಬಿಸಿ ಎಣ್ಣೆ ಎಲ್ಲಿ ಹೋಯಿತು ಎಂದು. ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

"ಅವಾಗ ನೀ ಸೈತ ಮುಚ್ಚಿಕೊಂಡೇ ತಿರುಗ್ತಿದ್ದಿ," ಎಂದರು. "ನೀ ಮುಚ್ಚಿಟ್ಟಿದ್ದನ್ನ ನಾ ಹ್ಯಾಂಗ ತೆರೀಲಿ ಬೇ? ಅದಕ್ಕ ಎಣ್ಣಿ ಅಂದೆ."

ನಾನು ಅವರು ನಾಚಿಕೆಪಡುತ್ತಾರೆ ಎಂದು ಮುಚ್ಚಿಕೊಂಡಿದ್ದೆ. ಅವರು ನಾನು ನಾಚಿಕೊಳ್ಳುತ್ತೇನೆ ಎಂದು ಸುಳ್ಳು ಹೇಳಿದ್ದರು. ಮುಂದೆ ಕುಳಿತಿದ್ದ ನನ್ನ ಗಂಡ ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ಅತ್ತೆಗೆ ಸಿಟ್ಟು ಬಂತು, ಮೌಶಿಯ ರೊಟ್ಟಿಯ ಅಂಚು ದಪ್ಪ ಇತ್ತು ಎಂದು ಹೇಳಿ ಮಾತು ತಿರುಗಿಸಿದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಎಲ್ಲವೂ ಬೇರುಸಹಿತ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೌಶಿಗೆ ಒಮ್ಮೆ ಬಾಯಲ್ಲಿ ಮತ್ತೆ ಹುಣ್ಣುಗಳು ಕಾಣಿಸಿಕೊಂಡವು. ಈ ಸಲ ಐದು ತಿಂಗಳು ಕಾಯಲಿಲ್ಲ, ಐದೇ ದಿನಕ್ಕೆ ಬಂದರು, ಬೇಗ ಹಿಡಿತಕ್ಕೂ ಬಂತು. ನನಗೆ ಚಳಿಗಾಲದಲ್ಲಿ ಮೊಣಕೈ ಮತ್ತೆ ಕೆಂಪಾಗುತ್ತದೆ. ಆದ ವರ್ಷ ಆಗುತ್ತದೆ, ಆಗದ ವರ್ಷ ಇಲ್ಲ. ನಾನು ಕಪ್ಪು ಸೀರೆ ಉಡುತ್ತೇನೆ. ತಂಗಿ ಹಳೆಯವನ್ನು ವಾಪಸ್ಸು ಕೊಡಲಿಲ್ಲ, ಹೊಸವನ್ನೇ ತೆಗೆದುಕೊಂಡೆ.

ಈಗ ಮೌಶಿಗೆ ಇನ್ನೊಂದು ಕೆಲಸ ಹತ್ತಿಕೊಂಡಿದೆ. ಉಣ್ಣಲು ಬಂದವರ ಕೈ, ಕುತ್ತಿಗೆ, ಮುಖ ನೋಡುತ್ತಾರೆ. ಏನಾದರೂ ಕಂಡರೆ ಊಟ ಮುಗಿಯುವವರೆಗೆ ಸುಮ್ಮನಿದ್ದು ಆಮೇಲೆ ಬುಧವಾರದ ಸುದ್ದಿ ಹೇಳುತ್ತಾರೆ. ಅವರು ಕಳಿಸಿದವರಲ್ಲಿ ಹೆಚ್ಚಿನವರದು ಬರಿಯ ಗಜಕರ್ಣ, ಬೆವರುಸಾಲೆ. ಡಾಕ್ಟರು ತಮಾಷೆಗೆ ಅವರನ್ನು ನಮ್ಮ ಮಣ್ಣೂರಿನ ಶಾಖೆ ಎನ್ನುತ್ತಾರೆ.

ಕಳೆದ ವರ್ಷ ಅವರು ಗೊಬ್ಬೂರಿನ ಒಬ್ಬಳನ್ನು ಕಳಿಸಿದರು. ಮದುವೆಯಾಗಿ ಎರಡು ವರ್ಷವಾದ ಹೆಣ್ಣುಮಗಳು, ಹತ್ತಿ ಬಿಡಿಸಲು ಹೋಗುವವಳು. ಎರಡೂ ಕೆನ್ನೆ, ಮೂಗಿನ ಮೇಲೆ ಕೆಂಪು. ಬಿಸಿಲಿಗೆ ಹೋದಷ್ಟೂ ಹೆಚ್ಚುತ್ತಿತ್ತು. ಓರಗೆಯವರು ಬಣ್ಣ ಹಚ್ಚಿಕೊಂಡು ಬರುತ್ತಾಳೆ ಎಂದು ನಗೆಯಾಡುತ್ತಿದ್ದರಂತೆ. ಬೆಳಿಗ್ಗೆ ಎದ್ದರೆ ಬೆರಳ ಗಂಟುಗಳೆಲ್ಲ ನೋವು, ಎಷ್ಟು ಮಲಗಿದರೂ ದಣಿವು. ಹೋಗಬೇಕೋ ಬೇಡವೋ ಎಂದು ಅವಳು ಹಿಂದೆಮುಂದೆ ನೋಡಿದಾಗ ಮೌಶಿ ತಾವೇ ನನಗೆ ಫೋನು ಹಚ್ಚಿ, ಇಂಥ ಬಸ್ಸಿಗೆ ಹತ್ತಿಸಿದ್ದೇನೆ, ಇಳಿಸಿಕೋ ಎಂದಿದ್ದರು.

ಡಾಕ್ಟರು ಅವಳ ರಕ್ತದಲ್ಲೂ ಸ್ವಪ್ರತಿಕಾಯ, ಅದೇ ಆಟೋ ಆ್ಯಂಟಿಬಾಡಿ, ನೋಡಬೇಕೆಂದರು. ಇವು ಬೇರೆ ಥರದವು, ಕಣದ ನಡುವಿನ ತಿರುಳನ್ನೇ ಹಿಡಿಯುವಂಥವು. ಪರೀಕ್ಷೆಯಲ್ಲಿ ಅವು ಇವೆ ಎಂದೇ ಬಂತು. ಕಲಬುರಗಿಯಲ್ಲಿ ಇನ್ನಷ್ಟು ಪರೀಕ್ಷೆಗಳಾಗಿ ಲೂಪಸ್ ಎಂದು ಖಚಿತವಾಯಿತು. ಮೂತ್ರಪಿಂಡಕ್ಕೆ ತಾಕುವ ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರು. ಗುಳಿಗೆ ತಪ್ಪಿಸಬಾರದು, ಬಿಸಿಲು ಆದಷ್ಟು ತಪ್ಪಿಸಬೇಕು ಎಂದರು. ಹೊಲದ ಕೆಲಸದವಳು ಬಿಸಿಲನ್ನು ಎಲ್ಲಿ ತಪ್ಪಿಸುತ್ತಾಳೆ ಎಂದು ನಾನು ಯೋಚಿಸುತ್ತಿದ್ದೆ. ಅವಳ ಗಂಡ ಹೋಗಿ ಸಂತೆಯಲ್ಲಿ ಹಣ್ಣಿನವರು ಕಟ್ಟುವಂಥ ದೊಡ್ಡ ಛತ್ರಿ ತಂದು ಹತ್ತಿ ಹೊಲದಲ್ಲಿ ನೆಟ್ಟನಂತೆ. ಅವಳು ಕೆಲಸ ಮಾಡುತ್ತ ಮುಂದೆ ಹೋದ ಹಾಗೆ ಅದನ್ನೂ ಕಿತ್ತು ಮುಂದೆ ನೆಡುತ್ತಾನೆ.

ಹೋದ ಬುಧವಾರ ರಕ್ತ ಕೊಡಲು ಬಂದಿದ್ದಳು. ಕೆನ್ನೆಯ ಕೆಂಪು ಬಹಳ ಇಳಿದಿದೆ. ನಾನು ನರ ಹುಡುಕುತ್ತಿದ್ದಾಗ ಹೊಲದ ಸುದ್ದಿ ಹೇಳಿದಳು. ಮೊದಲು ನಕ್ಕವರೆಲ್ಲ ಈಗ ಮಧ್ಯಾಹ್ನವಾದರೆ ಬುತ್ತಿ ತೆಗೆದುಕೊಂಡು ಅದೇ ಛತ್ರಿ ಕೆಳಗೆ ಬಂದು ಕೂರುತ್ತಾರೆ, ನಿಜವಾಗಿ ನೆರಳು ಬೇಕಾದವಳಿಗೇ ಜಾಗ ಇರುವುದಿಲ್ಲ ಎಂದು ದೂರಿದಳು. ದೂರುವಾಗಲೂ ನಗುತ್ತಿದ್ದಳು.

"ಇನ್ನೊಂದು ತರ್ತೇನಿ ಅಂದಾರ ನಮ್ಮ ಮನಿಯವ್ರು," ಎಂದಳು.

ಹತ್ತಿ ಒತ್ತಿ ಹಿಡಿದುಕೋ ಎಂದು ಹೇಳಿ, ನಳಿಕೆಗೆ ಅವಳ ಚೀಟಿ ಹಚ್ಚಿ, ಮುಂದಿನವರನ್ನು ಕರೆದೆ.